ಗಂಟೇ ಇಲ್ಲದ ಸ್ತನ ಕ್ಯಾನ್ಸರ್: ಒಂದು ವರದಿ ಇಲ್ಲ ಎನ್ನುತ್ತದೆ, ಇನ್ನೊಂದು ಹೌದು ಎನ್ನುತ್ತದೆ

ಅಡಿಕೆತೋಟ, ಚನ್ನಗಿರಿ
ಎಲ್ಲರಿಗೂ ನಮಸ್ಕಾರ. ನಮ್ಮ ಅತ್ತಿಗೆಯವರ ವಿಚಾರದಲ್ಲಿ ತಿಳಿದವರ ಅಭಿಪ್ರಾಯ ಬೇಕಾಗಿದೆ. ಅವರಿಗೆ ನಲವತ್ತು ದಾಟಿದೆ. ಕಿರಿಯ ಮಗ ಹೈಸ್ಕೂಲಿನಲ್ಲಿದ್ದಾನೆ, ಆದ್ದರಿಂದ ಹಾಲುಣಿಸುವ ಮಾತೇ ಇಲ್ಲ. ದೀಪಾವಳಿಯ ಆಸುಪಾಸಿನಲ್ಲಿ ಅವರ ಎಡ ಸ್ತನ ಬಿಸಿಯಾಗಿ, ಭಾರವಾಗಿ ಊದಿಕೊಂಡಿತು. ತೋರಿಸಿದಲ್ಲಿ ನಂಜು ಎಂದು ಹೇಳಿ ಆ್ಯಂಟಿಬಯಾಟಿಕ್ ಕೊಟ್ಟರು. ಸ್ವಲ್ಪ ಇಳಿದಂತೆ ಕಂಡು ಮತ್ತೆ ಏರಿತು, ಮಾತ್ರೆ ಬದಲಾಯಿತು, ಮತ್ತೆ ಅದೇ ಕಥೆ. ನಡುವೆ ಸ್ಕ್ಯಾನ್ ಮಾಡಿಸಿದಾಗ ಗಂಟು ಕಾಣಿಸುತ್ತಿಲ್ಲ, ಚರ್ಮ ದಪ್ಪವಾಗಿದೆ, ಒಳಗೆ ನೀರು ಸೇರಿದೆ ಎಂದು ಬರೆದಿದ್ದರು. ಗಂಟಿಲ್ಲ ಎಂಬ ಒಂದು ಮಾತನ್ನು ಹಿಡಿದುಕೊಂಡು ಮನೆಯವರೆಲ್ಲ ನೆಮ್ಮದಿಯಿಂದ ಕೊಯ್ಲಿನ ಕೆಲಸಕ್ಕೆ ಮರಳಿದರು.

ಕೊನೆಗೆ ದಾವಣಗೆರೆಯಲ್ಲಿ ಒಬ್ಬ ಸರ್ಜನ್ ನೋಡಿದ ಕೂಡಲೇ ಒಂದೇ ದಿನ ಎರಡು ಕಡೆಯಿಂದ ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ಚರ್ಮದ ತುಂಡಿನಲ್ಲಿ ಕ್ಯಾನ್ಸರ್ ಕಣ ಕಂಡಿಲ್ಲ ಎಂದು ಬಂದಿದೆ. ಒಳಗಿನ ಅಂಗಾಂಶದಿಂದ ದಪ್ಪ ಸೂಜಿಯಲ್ಲಿ ತೆಗೆದ ತುಂಡಿನಲ್ಲಿ ಇನ್ವೇಸಿವ್ ಕಾರ್ಸಿನೋಮ, ಅಂದರೆ ಸುತ್ತಲಿನ ಅಂಗಾಂಶಕ್ಕೆ ನುಗ್ಗಿದ ಕ್ಯಾನ್ಸರ್, ಎಂದು ಬಂದಿದೆ. ಸರ್ಜನ್ ಇದನ್ನು ಇನ್‌ಫ್ಲಮೇಟರಿ ಬಗೆಯ, ಅಂದರೆ ಬಾವಿನಂತೆ ಕಾಣುವ ಸ್ತನ ಕ್ಯಾನ್ಸರ್ ಎನ್ನುತ್ತಾರೆ, ಆಪರೇಷನ್ ಈಗ ಬೇಡ, ಮೊದಲು ಕಿಮೊ ಎನ್ನುತ್ತಾರೆ. ಅಣ್ಣ ಮಾತ್ರ ನಾಳೆಯೇ ತೆಗೆಸಿಬಿಡೋಣ ಎಂದು ಹಟ ಹಿಡಿದಿದ್ದಾರೆ. ಒಂದೇ ಸ್ತನದ ಎರಡು ತುಂಡುಗಳು ಎರಡು ಮಾತು ಹೇಳುವುದು ಹೇಗೆ? ಗಂಟೇ ಇಲ್ಲದೆ ಕ್ಯಾನ್ಸರ್ ಇರುತ್ತದೆಯೇ?

ಹರಿಹರದ ಓದುಗ
ಎರಡು ವರದಿಗಳು ಒಂದಕ್ಕೊಂದು ಹೊಂದದಿದ್ದಾಗ ಚಿಕಿತ್ಸೆ ಆರಂಭಿಸುವುದಕ್ಕೆ ಮೊದಲು ಮೂರನೆಯ ಕಡೆ ತೋರಿಸುವುದು ಒಳ್ಳೆಯದು. ಪ್ರಯೋಗಾಲಯದಲ್ಲಿ ಮಾದರಿ ಅದಲುಬದಲಾದ ಸಂದರ್ಭಗಳೂ ಉಂಟು. ಕಿಮೊ ಎಂದರೆ ಸಣ್ಣ ವಿಷಯವಲ್ಲ.

ರೋಗಶಾಸ್ತ್ರ ಪಿಜಿ, ದಾವಣಗೆರೆ
ಹರಿಹರದವರೇ, ಎರಡನೆಯ ಅಭಿಪ್ರಾಯ ಪಡೆಯುವುದರಲ್ಲಿ ತಪ್ಪಿಲ್ಲ. ಆದರೆ ಈ ಎರಡು ವರದಿಗಳ ನಡುವೆ ವಿರೋಧವಿದೆ ಎಂದು ನನಗೆ ಅನ್ನಿಸುವುದಿಲ್ಲ.

ಈ ಬಗೆಯ ಕ್ಯಾನ್ಸರ್‌ನಲ್ಲಿ ಕಣಗಳು ಒಂದೆಡೆ ಗುಂಪುಗೂಡಿ ಗಂಟಾಗುವ ಬದಲು ಹಾಳೆಯಂತೆ ಹರಡಿಕೊಳ್ಳುವುದು ಸಾಮಾನ್ಯ. ಜೊತೆಗೆ ಚರ್ಮದೊಳಗಿರುವ ಸಣ್ಣ ಸಣ್ಣ ದುಗ್ಧರಸ (ಲಿಂಫ್) ನಾಳಗಳಿಗೆ ಇಳಿದು ಅಲ್ಲಿ ಅಡ್ಡ ಕಟ್ಟುತ್ತವೆ. ಭದ್ರಾ ನಾಲೆಗೆ ಕಸ ಸಿಕ್ಕಿಕೊಂಡರೆ ನೀರು ಮುಂದೆ ಹೋಗದೆ ಪಕ್ಕದ ಗದ್ದೆಗೆ ನುಗ್ಗುತ್ತದಲ್ಲವೇ, ಹಾಗೆ ದ್ರವವು ಮುಂದೆ ಸಾಗದೆ ಚರ್ಮದಲ್ಲಿ ನಿಲ್ಲುತ್ತದೆ. ಊತ, ಬಿಸಿ, ಕೆಂಪು, ರಂಧ್ರಗಳು ಎದ್ದು ಕಾಣುವ ಕಿತ್ತಳೆ ಸಿಪ್ಪೆಯಂಥ ಚರ್ಮ, ಇವೆಲ್ಲ ಅದರ ಫಲ. ಇಲ್ಲಿ ಕೀವೂ ಇಲ್ಲ, ರೋಗಾಣುವೂ ಇಲ್ಲ. ಹಾಗಾಗಿಯೇ ಆ್ಯಂಟಿಬಯಾಟಿಕ್ ನಾಟುವುದಿಲ್ಲ.

ಈಗ ಚರ್ಮದ ತುಂಡಿನ ವಿಷಯ. ನಾಳಗಳೊಳಗಿನ ಆ ಕಣಗುಚ್ಛಗಳು ಚರ್ಮದ ಎಲ್ಲ ಕಡೆಯೂ ಸಮನಾಗಿ ಇರುವುದಿಲ್ಲ. ಪಂಚ್ ಬಯಾಪ್ಸಿಯಲ್ಲಿ ತೆಗೆಯುವುದು ಕೆಲವೇ ಮಿಲಿಮೀಟರ್ ಅಗಲದ ತುಂಡು. ಆ ತುಂಡು ಬಂದ ಜಾಗದಲ್ಲಿ ಕಣಗುಚ್ಛ ಇಲ್ಲದಿದ್ದರೆ ವರದಿ ಇಲ್ಲ ಎಂದೇ ಬರುತ್ತದೆ. ಅದಕ್ಕಾಗಿಯೇ ಚರ್ಮ ಹೆಚ್ಚು ಬಣ್ಣಗೆಟ್ಟ ಕಡೆಯಿಂದ ಕನಿಷ್ಠ ಎರಡು ತುಂಡು ತೆಗೆಯಬೇಕೆಂಬ ಸಲಹೆ ಇದೆ. ಚರ್ಮದಲ್ಲಿ ಕಣಗುಚ್ಛ ಕಂಡರೆ ಅದು ಬಲವಾದ ಸಾಕ್ಷಿ, ಕಾಣದಿದ್ದರೆ ರೋಗ ಇಲ್ಲವೆಂದು ಅರ್ಥವಲ್ಲ. ಇಲ್ಲಿ ನಿರ್ಣಾಯಕವಾದದ್ದು ಇನ್ವೇಸಿವ್ ಕಾರ್ಸಿನೋಮ ಎಂಬ ಒಳಗಿನ ತುಂಡಿನ ವರದಿ. ಅದು ಇನ್‌ಫ್ಲಮೇಟರಿ ಬಗೆಯದೋ ಅಲ್ಲವೋ ಎಂಬುದನ್ನು ಸೂಕ್ಷ್ಮದರ್ಶಕ ಒಂದೇ ಹೇಳಲಾರದು. ರೋಗಿಯ ಚರ್ಮವನ್ನು ಕಣ್ಣಾರೆ ನೋಡಿದ ವೈದ್ಯರು ಅದನ್ನು ನಿರ್ಧರಿಸುತ್ತಾರೆ.

ಬೆಣ್ಣೆದೋಸೆ ಭಕ್ತ
ಹಾಗಾದರೆ ಲ್ಯಾಬ್ ಹೇಳುವುದು ಅರ್ಧ, ವೈದ್ಯರ ಕಣ್ಣು ಹೇಳುವುದು ಇನ್ನರ್ಧ ಎಂದಾಯಿತು. ನಾವು ಇಷ್ಟು ದಿನ ರಿಪೋರ್ಟೇ ದೇವರು ಎಂದುಕೊಂಡಿದ್ದೆವು.

ನಿಟುವಳ್ಳಿ ನಿವಾಸಿ
ವೈದ್ಯರ ಕಣ್ಣೇ ಮುಖ್ಯ ಎನ್ನುವುದಾದರೆ ಮೊದಲು ನೋಡಿದವರ ಕಣ್ಣು ಏನು ಮಾಡುತ್ತಿತ್ತು? ಮಾತ್ರೆಯ ಮೇಲೆ ಮಾತ್ರೆ ಬರೆದು ಕೈತೊಳೆದುಕೊಂಡಿದ್ದಾರೆ. ಇಂಥವರ ಮೇಲೆ ದೂರು ಕೊಡದಿದ್ದರೆ ನಾಳೆ ಇನ್ನೊಂದು ಮನೆಗೆ ಇದೇ ಗತಿ. ಸೌಮ್ಯವಾಗಿ ಮಾತನಾಡುವ ವಿಷಯ ಇದಲ್ಲ.

ಹಳ್ಳಿ ವೈದ್ಯ, ಜಗಳೂರು
ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೂ ಒಂದು ಮಾತು ಹೇಳಲೇಬೇಕು. ಎಲ್ಲ ಸ್ತನ ಕ್ಯಾನ್ಸರ್‌ಗಳಲ್ಲಿ ಈ ಬಗೆಯದು ನೂರಕ್ಕೆ ಒಂದರಿಂದ ಐದರಷ್ಟು ಮಾತ್ರ. ನನ್ನಂಥ ಸಾಮಾನ್ಯ ವೈದ್ಯನೊಬ್ಬ ಇಡೀ ವೃತ್ತಿಜೀವನದಲ್ಲಿ ಇದನ್ನು ನೋಡದೆಯೇ ನಿವೃತ್ತನಾಗಬಹುದು. ಅದೇ ಹೊತ್ತಿಗೆ ಸ್ತನದ ಬಾವು ಮತ್ತು ಕೀವುಗಂಟುಗಳು ನಮ್ಮ ಬಾಗಿಲಿಗೆ ಬರುತ್ತಲೇ ಇರುತ್ತವೆ. ಕೆಂಪಾಗಿ ಊದಿದ ಸ್ತನವನ್ನು ಕಂಡು ಮೊದಲ ದಿನವೇ ಆ್ಯಂಟಿಬಯಾಟಿಕ್ ಬರೆದ ವೈದ್ಯರು ತಪ್ಪು ಮಾಡಿದರೆಂದು ನಾನು ಹೇಳಲಾರೆ.

ಆದರೆ ಎರಡನೆಯ ಸಲ ಚೀಟಿ ಬರೆಯುವಾಗ ಪರಿಸ್ಥಿತಿ ಬೇರೆ. ವಾರದಿಂದ ಹತ್ತು ದಿನದೊಳಗೆ ಪೂರ್ತಿ ವಾಸಿಯಾಗದಿದ್ದರೆ ಮಾತ್ರೆ ಬದಲಾಯಿಸುವುದು ಬಿಟ್ಟು ಸ್ತನದ ಚಿತ್ರಣಕ್ಕೂ ತುಂಡು ಪರೀಕ್ಷೆಗೂ ಕಳಿಸಬೇಕು. ಅದರಲ್ಲೂ ಹಾಲುಣಿಸದ ಹೆಂಗಸಿನಲ್ಲಿ, ಜ್ವರವಿಲ್ಲದೆ, ರಕ್ತದಲ್ಲಿ ಬಿಳಿ ಕಣ ಏರದೆ ಒಂದು ಸ್ತನ ಮಾತ್ರ ಕೆಂಪಾಗಿದ್ದರೆ ಮೊದಲ ಭೇಟಿಯಲ್ಲೇ ಕ್ಯಾನ್ಸರ್ ಮನಸ್ಸಿಗೆ ಬರಬೇಕು. ಸ್ವಲ್ಪ ಇಳಿದಂತೆ ಕಂಡಿತು ಎಂದು ಇವರು ಬರೆದಿದ್ದಾರೆ. ಆ ಸ್ವಲ್ಪವೇ ಮೋಸ ಮಾಡುವುದು. ಊತ ತಾನಾಗಿಯೇ ಏರಿಳಿಯುತ್ತದೆ, ನಾವು ಅದನ್ನು ಔಷಧದ ಗುಣ ಎಂದು ಓದುತ್ತೇವೆ.

ನಿಟುವಳ್ಳಿ ನಿವಾಸಿ
ಡಾಕ್ಟರೇ, ಅಪರೂಪದ ರೋಗ ಎಂಬುದು ವೈದ್ಯರಿಗೆ ಸಮಾಧಾನ ಕೊಡಬಹುದು, ರೋಗಿಗೆ ಕೊಡುವುದಿಲ್ಲ. ಹತ್ತು ದಿನದ ಲೆಕ್ಕ ಇಷ್ಟು ಸ್ಪಷ್ಟವಾಗಿದ್ದ ಮೇಲೆ ಅದನ್ನು ಮೀರಿದವರನ್ನು ಕೇಳುವವರು ಯಾರು?

ಹಳ್ಳಿ ವೈದ್ಯ, ಜಗಳೂರು
ಕೇಳಿ, ಖಂಡಿತ ಕೇಳಿ. ಆದರೆ ಈ ವಾರ ಕೇಳಬೇಡಿ. ಈ ವಾರ ಆ ಮನೆಯವರ ಶಕ್ತಿಯೆಲ್ಲ ಮುಂದಿನ ಪರೀಕ್ಷೆಗಳಿಗೆ ಬೇಕು.

ಎಕ್ಸ್‌ರೇ ಕೋಣೆ
ನಾನು ವಿಕಿರಣ ವಿಭಾಗದಲ್ಲಿ ತಂತ್ರಜ್ಞನಾಗಿದ್ದು ನಿವೃತ್ತನಾದವನು. ಗಂಟಿಲ್ಲ ಎಂಬ ಸಾಲು ಎಷ್ಟು ಮನೆಗಳನ್ನು ಹೀಗೆ ಮಲಗಿಸಿದೆಯೋ! ಆ ವರದಿಯನ್ನು ಮತ್ತೊಮ್ಮೆ ಓದಿ. ಚರ್ಮ ದಪ್ಪವಾಗಿದೆ, ದ್ರವ ಸೇರಿದೆ ಎಂದು ಬರೆದವರು ಅಸಹಜವಾದದ್ದನ್ನು ಬರೆದೇ ಇದ್ದಾರೆ. ಅದನ್ನು ಓದಿದವರು ಮುಂದಿನ ಹೆಜ್ಜೆ ಇಡಲಿಲ್ಲ, ಅಷ್ಟೇ. ಮ್ಯಾಮೊಗ್ರಾಂನಲ್ಲೂ ಈ ರೋಗ ಬಹಳ ಸಲ ಹೀಗೆಯೇ ಕಾಣುತ್ತದೆ. ಚರ್ಮ ದಪ್ಪ, ಇಡೀ ಸ್ತನ ಇನ್ನೊಂದಕ್ಕಿಂತ ಬೆಳ್ಳಗೆ, ಒತ್ತೊತ್ತಾಗಿ. ಗುರುತಿಸಬಹುದಾದ ಗಂಟು ಇರಲೇಬೇಕೆಂದಿಲ್ಲ. ಮೇಲಾಗಿ ನೋವಿನಿಂದ ಊದಿದ ಸ್ತನವನ್ನು ಯಂತ್ರದಲ್ಲಿ ಸರಿಯಾಗಿ ಒತ್ತುವುದಕ್ಕೆ ಆಗುವುದಿಲ್ಲ. ಆದ್ದರಿಂದ ಎರಡೂ ಬದಿಯ ಮ್ಯಾಮೊಗ್ರಾಂ ಜೊತೆಗೆ ಕಂಕುಳನ್ನೂ ಸೇರಿಸಿ ಅಲ್ಟ್ರಾಸೌಂಡ್ ಮಾಡಿಸಬೇಕು. ಕಂಕುಳಿನ ಗ್ರಂಥಿ ದಪ್ಪವಾಗಿದ್ದರೆ ಅದಕ್ಕೂ ಸೂಜಿ ಹಾಕಿ ನೋಡುತ್ತಾರೆ. ಇಷ್ಟಾದರೂ ತುಂಡು ತೆಗೆಯಲು ಜಾಗ ಸಿಗದಿದ್ದರೆ ಎಂಆರ್‌ಐ ನೆರವಾಗುತ್ತದೆ.

ಕೋಟೆಯೂರಿನ ಅಕ್ಕ, ಚಿತ್ರದುರ್ಗ
ನಾನು ಇದೇ ಬಗೆಯ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವಳು. ಕಿಮೊ, ಆಪರೇಷನ್, ಕರೆಂಟ್ (ವಿಕಿರಣ ಚಿಕಿತ್ಸೆ) ಎಲ್ಲ ಮುಗಿದು ಈಗ ತಪಾಸಣೆಗೆ ಹೋಗಿಬರುತ್ತಿದ್ದೇನೆ. ತಮ್ಮಾ, ನಿಮ್ಮ ಅತ್ತಿಗೆಗೆ ನನ್ನ ನಮಸ್ಕಾರ ತಿಳಿಸಿ.

ಇಲ್ಲಿ ಎಲ್ಲರೂ ಕೆಂಪು, ಕೆಂಪು ಎಂದು ಬರೆಯುತ್ತಿದ್ದೀರಿ. ನನ್ನದು ಕಪ್ಪು ಮೈಬಣ್ಣ. ನನಗೆ ಕೆಂಪು ಎಂಬುದು ಕಾಣಲೇ ಇಲ್ಲ. ನೇರಳೆಯೂ ಅಲ್ಲದ, ಕಂದೂ ಅಲ್ಲದ ಒಂದು ಮಬ್ಬು, ಪೆಟ್ಟು ಬಿದ್ದು ಕಂದಿದ ಹಾಗೆ. ಎಲ್ಲಿಗೋ ತಗುಲಿಸಿಕೊಂಡಿರಬೇಕು ಎಂದು ನಮ್ಮತ್ತೆ ಅಂದರು, ನಾನೂ ಹಾಗೆಯೇ ಅಂದುಕೊಂಡೆ. ಕುಪ್ಪಸ ಒಂದೇ ಕಡೆ ಬಿಗಿಯಾಗುತ್ತಿತ್ತು, ಸಂಜೆ ತೆಗೆದಾಗ ಹೊಲಿಗೆಯ ಗುರುತು ಚರ್ಮದಲ್ಲಿ ಅಚ್ಚೊತ್ತಿದಂತೆ ಉಳಿಯುತ್ತಿತ್ತು. ಮೊಲೆತೊಟ್ಟು ಒಳಕ್ಕೆ ಸರಿಯತೊಡಗಿತ್ತು. ಪುಸ್ತಕದ ಚಿತ್ರಗಳೆಲ್ಲ ಬಿಳಿಯ ಚರ್ಮದವು. ನಮ್ಮ ಬಯಲುಸೀಮೆಯ ಹೆಣ್ಣುಮಕ್ಕಳು ಬಣ್ಣವನ್ನು ಕಾಯುತ್ತ ಕೂರಬಾರದು. ಒಂದು ಬದಿ ಬಿಸಿಯಾಗಿದೆಯೇ, ಭಾರವಾಗಿದೆಯೇ, ಚರ್ಮ ಗಡುಸಾಗಿದೆಯೇ ಎಂದು ಕೈಯಿಂದ ನೋಡಿಕೊಳ್ಳಬೇಕು.

ಇನ್ನೊಂದು ಮಾತು. ನನ್ನ ಮಗಳು ವಾರಕ್ಕೊಮ್ಮೆ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟಿದ್ದಳು. ನನಗೆ ನಾಚಿಕೆಯಾಗಿ ಬೈದಿದ್ದೆ. ವೈದ್ಯರು ಮಾತ್ರ ಎಲ್ಲಕ್ಕಿಂತ ಮೊದಲು ಆ ಚಿತ್ರಗಳ ದಿನಾಂಕವನ್ನು ಕೇಳಿದರು.

ಅಡಿಕೆತೋಟ, ಚನ್ನಗಿರಿ
ಅಕ್ಕಾ, ನಿಮ್ಮ ಬರಹವನ್ನು ಅತ್ತಿಗೆಗೆ ಓದಿ ಹೇಳಿದೆ. ಹೊಲಿಗೆಯ ಗುರುತಿನ ವಿಷಯ ಅವರಿಗೂ ಹಾಗೆಯೇ ಇತ್ತಂತೆ. ಯಾರಿಗೂ ಹೇಳಿರಲಿಲ್ಲ. ದಿನಾಂಕಕ್ಕೆ ಅಷ್ಟು ಬೆಲೆ ಏಕೆ ಎಂದು ತಿಳಿದವರು ಹೇಳಬೇಕು.

ಕತ್ತರಿ ಕೈ, ಸರ್ಜರಿ ವಿಭಾಗ
ಅದಕ್ಕೆ ನಾನು ಉತ್ತರಿಸುತ್ತೇನೆ. ಈ ರೋಗದ ವ್ಯಾಖ್ಯೆಯಲ್ಲೇ ಕಾಲ ಸೇರಿಕೊಂಡಿದೆ. 2011ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡವೊಂದು ಪ್ರಕಟಿಸಿದ ಒಮ್ಮತದ ಪ್ರಕಾರ, ಕೆಂಪು, ಊತ, ಕಿತ್ತಳೆ ಸಿಪ್ಪೆಯಂಥ ಚರ್ಮ ಅಥವಾ ಬಿಸಿ ಬೇಗನೆ ಕಾಣಿಸಿಕೊಂಡಿರಬೇಕು, ಶುರುವಾಗಿ ಆರು ತಿಂಗಳಿಗಿಂತ ಹೆಚ್ಚಾಗಿರಬಾರದು, ಕೆಂಪು ಸ್ತನದ ಕನಿಷ್ಠ ಮೂರನೆಯ ಒಂದು ಭಾಗವನ್ನು ಆವರಿಸಿರಬೇಕು, ಮತ್ತು ತುಂಡು ಪರೀಕ್ಷೆಯಲ್ಲಿ ಇನ್ವೇಸಿವ್ ಕಾರ್ಸಿನೋಮ ಸಿದ್ಧವಾಗಿರಬೇಕು. ಗಂಟು ಇರಬಹುದು, ಇಲ್ಲದಿರಬಹುದು.

ನಮ್ಮ ಕಡೆ ಇನ್ನೊಂದು ಸ್ಥಿತಿಯನ್ನು ಹೆಚ್ಚಾಗಿ ನೋಡುತ್ತೇವೆ. ಗಂಟನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡು, ಅದು ಬೆಳೆದು ಚರ್ಮಕ್ಕೆ ತಾಗಿ ಕೆಂಪಾಗಿ, ಹುಣ್ಣಾದ ಮೇಲೆ ಬರುವವರು. ಕಣ್ಣಿಗೆ ಎರಡೂ ಒಂದೇ ಥರ ಕಾಣಬಹುದು, ಆದರೆ ಹಂತ ಬರೆಯುವಾಗ ಅದನ್ನು ಟಿ4ಬಿ ಎನ್ನುತ್ತೇವೆ, ಇದನ್ನು ಟಿ4ಡಿ ಎನ್ನುತ್ತೇವೆ. ಅದು ನಿಧಾನವಾಗಿ ಬೆಳೆದು ತಡವಾಗಿ ಬಂದದ್ದು, ಇದು ವಾರಗಳಲ್ಲಿ ಓಡುವಂಥದ್ದು. ಗಂಟು ಮೊದಲೋ ಕೆಂಪು ಮೊದಲೋ, ಯಾವ ತಿಂಗಳಲ್ಲಿ ಎಂಬುದನ್ನು ರೋಗಿ ಮತ್ತು ಮನೆಯವರು ಮಾತ್ರ ಹೇಳಬಲ್ಲರು. ಅಕ್ಕನವರ ಮಗಳ ಚಿತ್ರಗಳು ಆ ಪ್ರಶ್ನೆಗೆ ಉತ್ತರವಾಗಿದ್ದವು.

ಇನ್ನು ನಿಮ್ಮ ಅಣ್ಣನವರ ಹಟ. ನಾಳೆಯೇ ತೆಗೆಸೋಣ ಎಂಬುದು ಪ್ರೀತಿಯ ಮಾತು, ಆದರೆ ಈ ಬಗೆಯಲ್ಲಿ ಅದು ಹಾನಿ ಮಾಡುತ್ತದೆ. ಚರ್ಮದ ನಾಳಗಳಲ್ಲೇ ಕಣಗಳು ಕೂತಿರುವಾಗ ನಾನು ಎಲ್ಲಿ ಕತ್ತರಿಸಿದರೂ ಅಂಚಿನಲ್ಲಿ ರೋಗ ಉಳಿಯುತ್ತದೆ, ಹೊಲಿದ ಗಾಯದ ಮೇಲೆಯೇ ಮತ್ತೆ ಮೂಡುತ್ತದೆ. ಬರಿಯ ಆಪರೇಷನ್ ಮಾಡುತ್ತಿದ್ದ ಕಾಲದಲ್ಲಿ ಐದು ವರ್ಷ ಬದುಕಿದವರು ತೀರಾ ವಿರಳ. ಮೊದಲು ಕಿಮೊ, ಚರ್ಮ ಸಹಜಕ್ಕೆ ಬಂದ ಮೇಲೆ ಸ್ತನವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುವ ಆಪರೇಷನ್, ಆಮೇಲೆ ಕರೆಂಟ್, ಈ ಕ್ರಮ ಬಂದ ಮೇಲೆಯೇ ಫಲಿತಾಂಶ ಸುಧಾರಿಸಿದ್ದು. ಮೂರರಲ್ಲಿ ಒಂದನ್ನೂ ಬಿಡುವಂತಿಲ್ಲ, ಹಿಂದುಮುಂದು ಮಾಡುವಂತಿಲ್ಲ. ಸ್ತನದ ಒಂದು ಭಾಗವನ್ನಷ್ಟೇ ತೆಗೆಯುವುದು, ಚರ್ಮ ಉಳಿಸಿ ತೆಗೆಯುವುದು, ಇವು ಬೇರೆ ಸ್ತನ ಕ್ಯಾನ್ಸರ್‌ಗಳಿಗೆ ಸರಿ, ಇದಕ್ಕೆ ಅಲ್ಲ.

ಹರಿಹರದ ಓದುಗ
ಒಪ್ಪಿದೆ. ಆದರೂ ನನ್ನದೊಂದು ಅನುಮಾನ. ಸೂಜಿ ಚುಚ್ಚಿದರೆ, ತುಂಡು ತೆಗೆದರೆ ಕ್ಯಾನ್ಸರ್ ಕೆರಳಿ ಹಬ್ಬುತ್ತದೆ ಎಂದು ನಮ್ಮ ಓಣಿಯಲ್ಲಿ ಎಲ್ಲರೂ ಹೇಳುತ್ತಾರೆ. ಹಾಗಿರುವಾಗ ಒಂದೇ ದಿನ ಎರಡೆರಡು ಕಡೆ ಚುಚ್ಚಿದ್ದು ಸರಿಯೇ?

ರೋಗಶಾಸ್ತ್ರ ಪಿಜಿ, ದಾವಣಗೆರೆ
ಸರಿ. ಓಣಿಯವರು ಹೇಳುವುದು ಅನುಭವದ ಮಾತಿನಂತೆ ಕೇಳಿಸಲು ಕಾರಣವಿದೆ. ವೇಗವಾಗಿ ಬೆಳೆಯುವ ರೋಗಕ್ಕೆ ಬಯಾಪ್ಸಿ ಮಾಡಿದ ತಿಂಗಳಲ್ಲಿ ರೋಗ ಮುಂದುವರಿದಿದ್ದರೆ ಜನ ಸೂಜಿಯನ್ನು ದೂರುತ್ತಾರೆ, ಕಾದು ಕಳೆದ ತಿಂಗಳುಗಳನ್ನು ದೂರುವುದಿಲ್ಲ. ಬಯಾಪ್ಸಿ ಮಾಡಿಸಿದ್ದರಿಂದ ರೋಗಿಯ ಆಯಸ್ಸು ಕಡಿಮೆಯಾಗುವುದಿಲ್ಲ, ಮಾಡಿಸದಿದ್ದರೆ ಯಾವ ಔಷಧ ಕೊಡಬೇಕೆಂದೇ ಗೊತ್ತಾಗುವುದಿಲ್ಲ. ಸಣ್ಣ ಸೂಜಿಯ ಎಫ್‌ಎನ್‌ಎಸಿ ಸಾಕು ಎಂದು ಕೆಲವರು ವಾದಿಸುತ್ತಾರೆ. ಅದರಲ್ಲಿ ಬಿಡಿ ಕಣಗಳು ಮಾತ್ರ ಬರುತ್ತವೆ, ರೋಗ ಹಾಲಿನ ನಾಳದ ಗೋಡೆ ದಾಟಿದೆಯೇ ಎಂದು ಅದರಿಂದ ಹೇಳಲಾಗದು, ಹಾರ್ಮೋನ್ ಗ್ರಾಹಕಗಳ ಪರೀಕ್ಷೆಗೂ ದಪ್ಪ ಸೂಜಿಯ ತುಂಡೇ ಬೇಕು.

ವಾಣಿವಿಲಾಸ ತೀರ, ಹಿರಿಯೂರು
ತುಂಡು ಪರೀಕ್ಷೆ ಭಯ ಹುಟ್ಟಿಸುವುದಷ್ಟೇ ಅಲ್ಲ, ಭಯ ಕಳೆಯುವುದೂ ಉಂಟು. ನನ್ನ ತಂಗಿಗೆ ಹೆರಿಗೆಯಾಗಿ ಕೆಲವು ವರ್ಷಗಳಾದ ಮೇಲೆ ಸ್ತನ ಗಡುಸಾಗಿ, ಕೆಂಪಾಗಿ, ಅಲ್ಲಲ್ಲಿ ಒಡೆದು ಸೋರಲಾರಂಭಿಸಿತು. ಯಾರೋ ಕ್ಯಾನ್ಸರ್ ಎಂದುಬಿಟ್ಟರು. ಬಂಧುಗಳು ಬಂದು ಅಳುವ ಮಟ್ಟಕ್ಕೆ ಹೋಯಿತು. ಬಯಾಪ್ಸಿಯಲ್ಲಿ ಗ್ರ್ಯಾನ್ಯುಲೊಮೆಟಸ್ ಮ್ಯಾಸ್ಟೈಟಿಸ್ ಎಂಬ ಒಂದು ಬಗೆಯ ಸ್ತನದ ಉರಿಯೂತ ಎಂದು ಬಂತು. ಕ್ಯಾನ್ಸರೇ ಅಲ್ಲ. ಕ್ಷಯವಿರಬಹುದೇ ಎಂದು ಅದಕ್ಕೂ ಪರೀಕ್ಷಿಸಿ, ಅದಲ್ಲವೆಂದು ಖಚಿತವಾದ ಮೇಲೆ ಸ್ಟೆರಾಯ್ಡ್ ಕೊಟ್ಟರು. ವಾಸಿಯಾಗಲು ಬಹಳ ಕಾಲ ಹಿಡಿಯಿತು, ಆದರೆ ವಾಸಿಯಾಯಿತು. ಕಣ್ಣಿಗೆ ಕಂಡದ್ದರ ಮೇಲೆ ಯಾರೂ ಕ್ಯಾನ್ಸರ್ ಎಂದು ಹೆಸರಿಡಬಾರದು, ನಂಜು ಎಂದೂ ಹೆಸರಿಡಬಾರದು.

ಕತ್ತರಿ ಕೈ, ಸರ್ಜರಿ ವಿಭಾಗ
ಇದು ಬಹಳ ಮುಖ್ಯವಾದ ಉದಾಹರಣೆ. ನಮ್ಮ ದೇಶದಲ್ಲಿ ಸ್ತನದ ಕ್ಷಯವೂ ಈ ಪಟ್ಟಿಯಲ್ಲಿ ಇರಲೇಬೇಕು. ತುಂಡು ನೋಡದೆ ಕ್ಷಯದ ಮಾತ್ರೆ ಶುರು ಮಾಡಿ ತಿಂಗಳುಗಳನ್ನು ಕಳೆದವರೂ ಇದ್ದಾರೆ.

ಆಶಾ ಕಾರ್ಯಕರ್ತೆ, ಮೊಳಕಾಲ್ಮೂರು
ನಾನು ಹೆಚ್ಚು ಓದಿದವಳಲ್ಲ, ಆದರೂ ಕೇಳುತ್ತೇನೆ. ನಮ್ಮಲ್ಲಿ 30 ವರ್ಷ ದಾಟಿದ ಹೆಂಗಸರನ್ನು ತಪಾಸಣೆಗೆ ಕರೆತರುವಾಗ ಗಂಟಿದೆಯೇ, ತೊಟ್ಟಿನಿಂದ ರಕ್ತ ಸೋರುತ್ತದೆಯೇ ಎಂದು ಕೇಳುತ್ತೇವೆ. ಈ ಚರ್ಚೆ ಓದಿದ ಮೇಲೆ ಗಂಟು ಎಂಬ ಒಂದೇ ಮಾತಿನ ಹಿಂದೆ ನಾವು ಬಿದ್ದಿದ್ದೇವೆ ಎನ್ನಿಸಿತು. ಗಂಟಿಲ್ಲ ಎಂದವರನ್ನು ಮನೆಗೆ ಕಳಿಸುತ್ತೇವೆ. ಇನ್ನು ಬಾಣಂತಿಯರಲ್ಲಿ ಹಾಲು ಕಟ್ಟಿ ಕೆಂಪಾಗುವುದು ದಿನನಿತ್ಯದ ವಿಷಯ. ಅವರಲ್ಲಿ ಯಾರನ್ನು ಕಳಿಸಬೇಕು, ಯಾರನ್ನು ಕಳಿಸಬೇಕಿಲ್ಲ?

ಹಳ್ಳಿ ವೈದ್ಯ, ಜಗಳೂರು
ತಾಯೀ, ಇಲ್ಲಿ ಬಂದಿರುವ ಪ್ರಶ್ನೆಗಳಲ್ಲಿ ನಿಮ್ಮದೇ ನನಗೆ ಹೆಚ್ಚು ಇಷ್ಟವಾಯಿತು. ಬಾಣಂತಿಯ ಎದೆಬಾವಿಗೆ ಸಾಮಾನ್ಯವಾಗಿ ಜ್ವರ, ಚಳಿ, ಒಂದು ಕಡೆ ಮುಟ್ಟಲಾಗದಷ್ಟು ನೋವು ಇರುತ್ತದೆ. ಹಾಲು ಖಾಲಿ ಮಾಡಿಸಿ ಔಷಧ ಕೊಟ್ಟರೆ ಎರಡು ಮೂರು ದಿನಗಳಲ್ಲಿ ಬದಲಾವಣೆ ಕಾಣುತ್ತದೆ. ಹಾಗೆ ಆಗದಿದ್ದರೆ ಕೀವು ಕಟ್ಟಿದೆಯೇ ಎಂದು ಸ್ಕ್ಯಾನ್ ಮಾಡಿಸಬೇಕು. ಕೀವೂ ಇಲ್ಲ, ಹತ್ತು ದಿನವಾದರೂ ಇಳಿದಿಲ್ಲ ಎಂದರೆ ಬಾಣಂತಿ ಎಂದು ಸುಮ್ಮನಿರಬೇಡಿ. ಹಾಲುಣಿಸುವವರಲ್ಲೂ ಈ ಕ್ಯಾನ್ಸರ್ ಬರಬಹುದು. ಅವರಲ್ಲಿ ಗುರುತಾಗುವುದು ಇನ್ನೂ ತಡ. ನೀವು ಕೇಳುವ ಪ್ರಶ್ನೆಗಳಿಗೆ ಇನ್ನೊಂದನ್ನು ಸೇರಿಸಿ: ಈಚಿನ ವಾರಗಳಲ್ಲಿ ಒಂದು ಕಡೆಯ ಎದೆ ಇನ್ನೊಂದಕ್ಕಿಂತ ದಪ್ಪವೋ ಬಿಸಿಯೋ ಆಗಿದೆಯೇ?

ಪಿ.ಜೆ. ಬಡಾವಣೆ ಓದುಗಿ
ನಮ್ಮ ಚಿಕ್ಕಮ್ಮನಿಗೆ ಮೊಲೆತೊಟ್ಟಿನ ಮೇಲೆ ಕಜ್ಜಿಯಂತೆ ಆಗಿ, ಮುಲಾಮು ಹಚ್ಚುತ್ತಲೇ ಇದ್ದರು. ಅದೂ ಇದೇ ರೋಗವೇ?

ರೋಗಶಾಸ್ತ್ರ ಪಿಜಿ, ದಾವಣಗೆರೆ
ಅಲ್ಲ. ನೀವು ಹೇಳುತ್ತಿರುವುದು ಪ್ಯಾಜೆಟ್ ರೋಗ ಇರಬಹುದು. ಜೇಮ್ಸ್ ಪ್ಯಾಜೆಟ್ ಎಂಬ ಇಂಗ್ಲಿಷ್ ಸರ್ಜನ್ 1874ರಲ್ಲಿ ಅದನ್ನು ವಿವರಿಸಿದರು. ಅದು ತೊಟ್ಟಿನಿಂದ ಶುರುವಾಗಿ ಸುತ್ತ ಹರಡುತ್ತದೆ, ನೋಡಲು ಇಸುಬಿನಂತೆ ಇರುತ್ತದೆ, ತುರಿಸುತ್ತದೆ, ಹಕ್ಕಳೆ ಕಟ್ಟುತ್ತದೆ. ಮುಲಾಮಿಗೆ ಮಾಯವಾದಂತೆ ಕಂಡು ಮರಳುತ್ತದೆ. ಒಂದೇ ಕಡೆಯ ತೊಟ್ಟಿನ ಇಸುಬು ವಾಸಿಯಾಗದಿದ್ದರೆ ಅಲ್ಲಿಯೂ ಚರ್ಮದ ತುಂಡು ತೆಗೆದು ನೋಡಬೇಕು. ಚಿಕ್ಕಮ್ಮನವರನ್ನು ದಯವಿಟ್ಟು ಈ ವಾರವೇ ಕರೆದುಕೊಂಡು ಹೋಗಿ.

ಕತ್ತರಿ ಕೈ, ಸರ್ಜರಿ ವಿಭಾಗ
ಮೂಲ ವಿಷಯಕ್ಕೆ ಬರೋಣ. ಈ ರೋಗವನ್ನು ಗುರುತಿಸಿದ ದಿನವೇ ಅದು ಕನಿಷ್ಠ ಮೂರನೆಯ ಹಂತದಲ್ಲಿರುತ್ತದೆ. ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರಲ್ಲಿ ಆಗಲೇ ಬೇರೆ ಅಂಗಕ್ಕೂ ಹೋಗಿರುತ್ತದೆ. ಆದ್ದರಿಂದ ಕಿಮೊಗೆ ಮೊದಲು ಪೆಟ್ ಸಿಟಿ, ಅಥವಾ ಎದೆ ಮತ್ತು ಹೊಟ್ಟೆಯ ಸಿಟಿ ಜೊತೆಗೆ ಮೂಳೆ ಸ್ಕ್ಯಾನ್ ಮಾಡಿಸಬೇಕು.

ಬೆಣ್ಣೆದೋಸೆ ಭಕ್ತ
ಡಾಕ್ಟರೇ, ಮನೆಯವರು ಓದುತ್ತಿದ್ದಾರೆ. ಮೂವರಲ್ಲಿ ಒಬ್ಬರು ಎಂಬ ಲೆಕ್ಕವನ್ನು ಇಲ್ಲಿ ಬರೆಯಲೇಬೇಕಿತ್ತೇ?

ಅಡಿಕೆತೋಟ, ಚನ್ನಗಿರಿ
ಪರವಾಗಿಲ್ಲ, ಬರೆಯಲಿ. ಗಂಟಿಲ್ಲ ಎಂಬ ಸಿಹಿ ಮಾತನ್ನು ನಂಬಿ ನಾವು ಕಳೆದುಕೊಂಡ ಕಾಲ ಸಾಕು. ಅತ್ತಿಗೆಯೇ ಎಲ್ಲವನ್ನೂ ಓದಿ ಹೇಳು ಎಂದಿದ್ದಾರೆ.

ನಿವೃತ್ತ ಸಿಸ್ಟರ್, ವಿದ್ಯಾನಗರ
ತಮ್ಮಾ, ಕಾಗದಪತ್ರದ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದಾಗಲಿ, ಇಲ್ಲೇ ಬೋಧನಾ ಆಸ್ಪತ್ರೆಯಲ್ಲಿ ಮುಂದುವರಿಸುವುದಾಗಲಿ, ವರದಿಯ ಹಾಳೆಯನ್ನು ಮಾತ್ರ ಹಿಡಿದುಕೊಂಡು ಹೋಗಬೇಡಿ. ಪ್ರಯೋಗಾಲಯದಿಂದ ಗಾಜಿನ ಸ್ಲೈಡುಗಳನ್ನೂ ತುಂಡನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಕೇಳಿ ಪಡೆಯಿರಿ. ಅದು ನಿಮ್ಮ ಅತ್ತಿಗೆಯ ಅಂಗಾಂಶ, ಮರುಪರಿಶೀಲನೆಗೆ ಬೇಕು ಎಂದು ಬರೆದುಕೊಟ್ಟರೆ ಕೊಡುತ್ತಾರೆ. ಹಾಗೆ ಮಾಡಿದರೆ ಮತ್ತೆ ಚುಚ್ಚಿಸಿಕೊಳ್ಳುವುದು ತಪ್ಪಬಹುದು. ಬ್ಲಾಕ್ ಮೇಣದ್ದು, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಊಟಕ್ಕೆ ಇಳಿಯಬೇಡಿ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೇಳುತ್ತಾರೆ, ಆದ್ದರಿಂದ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಮೊದಲು ಹೋಗಿ ಅದನ್ನು ಮಾಡಿಸಿಕೊಳ್ಳಿ. ಆಧಾರ್ ಮತ್ತು ಪಡಿತರ ಚೀಟಿಯಲ್ಲಿ ಹೆಸರು ಒಂದೇ ರೀತಿ ಇದೆಯೇ ಎಂದು ಇಂದೇ ನೋಡಿಕೊಳ್ಳಿ. ಮದುವೆಗೆ ಮುಂಚಿನ ಹೆಸರು ಒಂದರಲ್ಲಿ, ಗಂಡನ ಮನೆಯ ಹೆಸರು ಇನ್ನೊಂದರಲ್ಲಿ ಇದ್ದು ಕೌಂಟರಿನ ಮುಂದೆ ನಿಂತವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹರಿಹರದ ಓದುಗ
ಸಿಸ್ಟರ್ ಹೇಳಿದ ಕೊನೆಯ ಮಾತಿಗೆ ನೂರು ಅಂಕ.

ಅಡಿಕೆತೋಟ, ಚನ್ನಗಿರಿ
ಎಲ್ಲರಿಗೂ ವಂದನೆಗಳು. ಕತ್ತರಿ ಕೈಯವರ ಬರಹವನ್ನು ಅಣ್ಣನಿಗೆ ತೋರಿಸಿದೆ. ಚರ್ಮದ ಅಂಚಿನಲ್ಲಿ ರೋಗ ಉಳಿಯುತ್ತದೆ ಎಂಬ ಮಾತನ್ನು ಎರಡು ಸಲ ಓದಿಸಿಕೊಂಡು, ಸರಿ, ಅವರು ಹೇಳಿದ ಕ್ರಮದಲ್ಲೇ ಆಗಲಿ ಎಂದರು. ಒಳಗಿನ ತುಂಡಿಗೆ ಬಣ್ಣ ಹಾಕಿ ಕಣಗಳ ಬಗೆ ನೋಡುವ ಐಎಚ್‌ಸಿ ವರದಿ ಇವತ್ತು ಬಂತು. ಇಆರ್ ಮತ್ತು ಪಿಆರ್ (ಹಾರ್ಮೋನ್ ಗ್ರಾಹಕಗಳು) ನೆಗೆಟಿವ್ ಎಂದಿದೆ, ಹರ್2 ಎದುರಿಗೆ 2+ ಎಂದಿದೆ, ಪಕ್ಕದಲ್ಲಿ ಫಿಶ್ ಪರೀಕ್ಷೆಗೆ ಸೂಚಿಸಿದ್ದಾರೆ. ಒಬ್ಬರು 2+ ಎಂದರೆ ಪಾಸಿಟಿವ್ ಎನ್ನುತ್ತಾರೆ, ಇನ್ನೊಬ್ಬರು ನೆಗೆಟಿವ್ ಎನ್ನುತ್ತಾರೆ. ಇದಕ್ಕೂ ಕಾಯಬೇಕೇ?

ರೋಗಶಾಸ್ತ್ರ ಪಿಜಿ, ದಾವಣಗೆರೆ
ಇಬ್ಬರದೂ ಸರಿಯಲ್ಲ. ಹರ್2 ಎಂಬುದು ಕಣದ ಮೇಲಿರುವ ಒಂದು ಪ್ರೋಟೀನ್. 0 ಮತ್ತು 1+ ನೆಗೆಟಿವ್, 3+ ಪಾಸಿಟಿವ್. 2+ ಎಂದರೆ ಬಣ್ಣ ನೋಡಿ ತೀರ್ಮಾನಿಸಲಾಗದು, ವಂಶವಾಹಿಯ ಪ್ರತಿಗಳನ್ನೇ ಎಣಿಸಿ ನೋಡಬೇಕು ಎಂದರ್ಥ. ಫಿಶ್ ಮಾಡುವುದು ಅದಕ್ಕೇ. ಅದೇ ಬ್ಲಾಕಿನಿಂದ ಆಗುತ್ತದೆ, ಹೊಸದಾಗಿ ತುಂಡು ಬೇಕಿಲ್ಲ. ತುಂಡನ್ನು ತೆಗೆದ ಕೂಡಲೇ ಫಾರ್ಮಲಿನ್‌ನಲ್ಲಿ ಹಾಕಿದ್ದರೇ, 6ರಿಂದ 72 ಗಂಟೆಗಳ ನಡುವೆ ಅದರಲ್ಲಿ ಇತ್ತೇ ಎಂದು ಮಾತ್ರ ಪ್ರಯೋಗಾಲಯವನ್ನು ಕೇಳಿ. ಆ ಸಮಯ ಏರುಪೇರಾಗಿದ್ದರೆ ಈ ಪರೀಕ್ಷೆಗಳ ಫಲಿತಾಂಶ ಕೆಡುತ್ತದೆ.

ಇನ್‌ಫ್ಲಮೇಟರಿ ಬಗೆಯಲ್ಲಿ ಹರ್2 ಪಾಸಿಟಿವ್ ಬರುವುದು ಉಳಿದ ಸ್ತನ ಕ್ಯಾನ್ಸರ್‌ಗಳಿಗಿಂತ ಹೆಚ್ಚು, ಆದ್ದರಿಂದ ಈ ಪರೀಕ್ಷೆಯನ್ನು ಬಿಡಬಾರದು. ಪಾಸಿಟಿವ್ ಬಂದರೆ ಕಿಮೊ ಜೊತೆಗೆ ಹರ್2 ಅನ್ನು ತಡೆಯುವ ಟ್ರಾಸ್ಟುಜುಮ್ಯಾಬ್ ಎಂಬ ಔಷಧ ಸೇರುತ್ತದೆ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಅದರ ದೇಶೀಯ ರೂಪವನ್ನು ಮಾರುಕಟ್ಟೆಗೆ ತಂದ ಮೇಲೆ ಆ ಔಷಧ ನಮ್ಮವರ ಕೈಗೆ ಮೊದಲಿಗಿಂತ ಹತ್ತಿರವಾಗಿದೆ.

ಕತ್ತರಿ ಕೈ, ಸರ್ಜರಿ ವಿಭಾಗ
ಫಿಶ್ ವರದಿ ಬರುವವರೆಗೆ ಮನೆಯಲ್ಲಿ ಕೂರಬೇಡಿ. ಅಷ್ಟರೊಳಗೆ ಸಿಟಿ, ಮೂಳೆ ಸ್ಕ್ಯಾನ್ ಮತ್ತು ಹೃದಯದ ಎಕೋ ಮುಗಿಸಿಕೊಳ್ಳಿ. ಕಿಮೊದ ಕೆಲವು ಔಷಧಗಳೂ ಟ್ರಾಸ್ಟುಜುಮ್ಯಾಬ್ ಕೂಡ ಹೃದಯಕ್ಕೆ ಭಾರವಾಗಬಹುದು, ಹಾಗಾಗಿ ಎಕೋ ಇಲ್ಲದೆ ಯಾರೂ ಶುರು ಮಾಡುವುದಿಲ್ಲ. ಕಿಮೊ ಆರಂಭಿಸುವ ದಿನವನ್ನು ಫಿಶ್‌ಗಾಗಿ ಮುಂದೂಡಬೇಕೇ ಬೇಡವೇ ಎಂಬುದನ್ನು ಕ್ಯಾನ್ಸರ್ ವೈದ್ಯರು ಚರ್ಮದ ಸ್ಥಿತಿ ನೋಡಿ ಹೇಳುತ್ತಾರೆ. ಹರ್2 ಔಷಧವನ್ನು ಆಮೇಲೂ ಸೇರಿಸಬಹುದು.

ಕೋಟೆಯೂರಿನ ಅಕ್ಕ, ಚಿತ್ರದುರ್ಗ
ತಮ್ಮಾ, ಕಿಮೊ ಶುರುವಾಗುವ ಹಿಂದಿನ ದಿನ ಸ್ತನದ ಚಿತ್ರವೊಂದನ್ನು ತೆಗೆದಿಡಲು ಅತ್ತಿಗೆಗೆ ಹೇಳಿ. ಕೆಂಪು ಎಲ್ಲಿಯವರೆಗೆ ಇತ್ತು ಎಂದು ಆಪರೇಷನ್ ಮತ್ತು ಕರೆಂಟ್ ಕೊಡುವವರು ಆಮೇಲೆ ಕೇಳುತ್ತಾರೆ, ಅಷ್ಟರಲ್ಲಿ ಚರ್ಮ ತಿಳಿಯಾಗಿಬಿಟ್ಟಿರುತ್ತದೆ. ಗಂಡಸರ ಮೊಬೈಲಿನಲ್ಲಿ ಬೇಡ ಎಂದರೆ ಆಸ್ಪತ್ರೆಯ ಸಿಸ್ಟರ್‌ಗೆ ಹೇಳಿದರೆ ಅವರೇ ತೆಗೆದು ಫೈಲಿಗೆ ಸೇರಿಸುತ್ತಾರೆ.

ಅಡಿಕೆತೋಟ, ಚನ್ನಗಿರಿ
ಆಗಲಿ ಅಕ್ಕಾ, ಹೇಳುತ್ತೇನೆ. ಸೋಮವಾರ ರೆಫರಲ್ ಪತ್ರಕ್ಕೆ ಹೋಗುತ್ತಿದ್ದೇವೆ. ಪಡಿತರ ಚೀಟಿಯಲ್ಲಿ ಹೆಸರು ಬೇರೆಯೇ ಇದೆ, ಸಿಸ್ಟರ್ ಹೇಳಿದಂತೆ ಅದನ್ನು ಮೊದಲು ಸರಿಪಡಿಸಬೇಕು. ಅದಕ್ಕೆ ಎಲ್ಲಿ ಹೋಗಬೇಕೆಂದು ಯಾರಾದರೂ ತಿಳಿಸುತ್ತೀರಾ?